ಸಾಕ್ಷಿ ಕೇಳಿದ ಕೆರೆ

ಮಕ್ಕಳೇ, ಹತ್ತಿರ ಬನ್ನಿ. ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಿಮ್ಮ ಮಾವನ ಮೀಸೆಯಾಣೆ! ಬಿಳಲು ಎಂದುಕೊಂಡು ಕರಡಿಯೊಂದು ಜೋತಾಡಿ ಹೋದ ಮೀಸೆ ಇದು. ಇದರ ಮೇಲೆ ಆಣೆಯಿಟ್ಟು ಯಾರಾದರೂ ಸುಳ್ಳು ಹೇಳುವುದುಂಟೇ?

ಒಂದು ಕಾಡು, ಕಾಡಿನ ನಡುವೆ ಒಂದು ಕೆರೆ. ಕೆರೆಯ ಒಂದು ಬದಿಗೆ ಆಳೆತ್ತರದ ಜೊಂಡು, ಇನ್ನೊಂದು ಬದಿಗೆ ಹಳೆಯ ಅತ್ತಿಮರ. ಮರದ ತುದಿಯಲ್ಲಿ ಕೂತು ಕಾವಲು ಕಾಯುವವನು ಮುಸುವ ಮಲ್ಲಣ್ಣ. ಕರಿ ಮುಖ, ಮಾರುದ್ದ ಬಾಲ. ಕೆಳಗೆ ಎಲ್ಲರೂ ತಲೆ ತಗ್ಗಿಸಿ ನೀರು ಕುಡಿಯುವಾಗ ಅವನು ಜೊಂಡಿನ ಮೇಲೆ ಕಣ್ಣಿಟ್ಟಿರಬೇಕು. ಚಿರತೆ ಕಂಡರೆ "ಖಕ್! ಖಕ್!" ಎಂದು ಕೂಗಬೇಕು. ಕೂಗು ಕೇಳಿತೋ, ಓಡಬೇಕು. ಏನು, ಎತ್ತ ಎಂಬುದೆಲ್ಲ ಆಮೇಲೆ. ಇದು ಆ ಕೆರೆಯ ಕಟ್ಟಳೆ.

ಜಿಂಕೆ ಚುಕ್ಕವ್ವ ಚಿಗುರಿ ಎಂಬ ತನ್ನ ಮರಿಗೆ ಕಲಿಸಿದ ಮೊದಲ ಪಾಠವೂ ಇದೇ. "ಖಕ್ ಅಂದರೆ ಓಡು. ತಿರುಗಿ ನೋಡಬೇಡ. ನನಗಾಗಿಯೂ ಕಾಯಬೇಡ."

ಹೀಗಿರಲು ಒಂದು ಸಂಜೆ ಕೂಗು ಕೇಳಲೇ ಇಲ್ಲ. ನೀರಿನ ಅಂಚಿನಲ್ಲಿ ಮೊಲದ ತಾತ ಸತ್ತುಬಿದ್ದಿದ್ದ. ಬಿದ್ದಿದ್ದ ಎಂದರೆ ಅರ್ಧ ಬಿದ್ದಿದ್ದ. ಉಳಿದರ್ಧ ಕಾಣೆ.

ಕೆರೆಯ ಯಜಮಾನರು ಕಾಟಿ, ಅಂದರೆ ಕಾಡುಕೋಣ, ಕೋಡಪ್ಪನವರು. ದೊಡ್ಡ ಕೋಡು, ದೊಡ್ಡ ಭುಜ, ಅದಕ್ಕಿಂತ ದೊಡ್ಡ ಗಾಂಭೀರ್ಯ. ಅವರು ಬಂದು, ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ತಾತ ಕಾಲು ಜಾರಿ ಬಿದ್ದಿದ್ದಾರೆ. ಯಾರೂ ಗಾಬರಿಯಾಗಬೇಡಿ."

"ಕಾಲು ಜಾರಿದರೆ ಅರ್ಧ ತಾತ ಎಲ್ಲಿಗೆ ಹೋದರು, ಯಜಮಾನರೇ?" ಎಂದು ಚುಕ್ಕವ್ವ ಕೇಳಿದಳು.

"ಅದನ್ನು ವಿಚಾರಿಸುತ್ತಿದ್ದೇವೆ."

"ಮಲ್ಲಣ್ಣ ಯಾಕೆ ಕೂಗಲಿಲ್ಲ?"

"ಅದನ್ನೂ ವಿಚಾರಿಸುತ್ತಿದ್ದೇವೆ. ಕೆರೆಯ ಮರ್ಯಾದೆ ಪ್ರಶ್ನೆ, ಜೋರಾಗಿ ಮಾತಾಡಬೇಡಿ."

ಮಲ್ಲಣ್ಣ ಮರದ ಮೇಲೆ ಬಾಯಿ ತೆರೆದ. ಯಜಮಾನರು ಕೋಡು ಅಲ್ಲಾಡಿಸಿದರು. ಮಲ್ಲಣ್ಣ ಬಾಯಿ ಮುಚ್ಚಿದ.

ಅಲ್ಲಿಗೆ ಶುರುವಾಯಿತು ನೋಡಿ.

"ಸುಮ್ಮನಿರಲು ಚಿರತೆ ಮಲ್ಲಣ್ಣನಿಗೆ ಹಣ್ಣು ತಂದುಕೊಟ್ಟಿರಬೇಕು," ಎಂದ ಕಾಡುಹಂದಿ ಕೋರೆಯಪ್ಪ.

"ಹಣ್ಣಿನ ಮರದ ಮೇಲೇ ಕೂತವನಿಗೆ ಹಣ್ಣು ಯಾಕಪ್ಪಾ?" ಎಂದಿತು ನವಿಲು.

"ಓಹೋ! ನೀನು ಅವನ ಪರ! ಈಗ ಗೊತ್ತಾಯ್ತು ಬಿಡು."

ಅಂದಿನಿಂದ ನವಿಲಿನ ಮೇಲೂ ಅನುಮಾನ. ಬಾತುಕೋಳಿ ಎಂದಿನಂತೆ "ಊಟ ಆಯ್ತಾ ಚುಕ್ಕವ್ವ?" ಎಂದು ಕೇಳಿದರೆ ಚುಕ್ಕವ್ವ ಎರಡು ಹೆಜ್ಜೆ ಹಿಂದೆ ಸರಿದಳು. 'ನಾನು ತಿಂದು ಕೊಬ್ಬಿದ್ದೇನೋ ಇಲ್ಲವೋ ಎಂದು ಇವಳು ಯಾರ ಪರವಾಗಿ ವಿಚಾರಿಸುತ್ತಿದ್ದಾಳೆ?' ಮಲ್ಲಣ್ಣ ಮೇಲಿನಿಂದ ಚಿಗುರೆಲೆ ಉದುರಿಸಿದರೆ ಜಿಂಕೆಗಳು ಮೂಸಿಯೂ ನೋಡಲಿಲ್ಲ. ಮುಳ್ಳುಹಂದಿಯ ಹತ್ತಿರ ಯಾರೂ ನಿಲ್ಲಲಿಲ್ಲ. ಮೊದಲೂ ನಿಲ್ಲುತ್ತಿರಲಿಲ್ಲ, ಆದರೆ ಈಗ ಕಾರಣ ಬೇರೆ.

ಚುಕ್ಕವ್ವ ಮರಿಗೆ ಹೊಸ ಪಾಠ ಶುರುಮಾಡಿದಳು. "ಚಿಗುರಿ, ಇನ್ನು ಯಾರು ಕೂಗಿದರೂ ನಂಬಬೇಡ. ಯಾಕೆ ಕೂಗಿದ, ಯಾರಿಗಾಗಿ ಕೂಗಿದ ಅಂತ ಮೊದಲು ಯೋಚಿಸು."

ಚಿಗುರಿ ಚಿಟ್ಟೆ ನೋಡುತ್ತಾ "ಹೂಂ" ಎಂದಿತು.

ಈಗ ಎಲ್ಲರೂ ತಮ್ಮ ಕಾವಲು ತಾವೇ. ಚುಕ್ಕವ್ವ ಒಂದು ಕಣ್ಣು ಕೋರೆಯಪ್ಪನ ಮೇಲಿಟ್ಟು ನೀರು ಕುಡಿದಳು. ಕೋರೆಯಪ್ಪ ನವಿಲನ್ನು ಕಾದ. ನವಿಲು ಬಾತುಕೋಳಿಯನ್ನು ಕಾಯಿತು. ಕೆರೆಯಲ್ಲಿ ಕಣ್ಣುಗಳಿಗೇನೂ ಬರವಿರಲಿಲ್ಲ. ಆದರೆ ಜೊಂಡಿನ ಕಡೆ ಮಾತ್ರ ಒಂದು ಕಣ್ಣೂ ಇರಲಿಲ್ಲ.

ಒಬ್ಬನ ಕಣ್ಣು ಬಿಟ್ಟು. ಒಂದು ದಿನ ಮರದ ತುದಿಯಿಂದ ಮಲ್ಲಣ್ಣ ಕಿರುಚಿದ: "ಖಕ್! ಖಕ್! ಚಿರತೆ! ಓಡಿ!"

ಯಾರೂ ಓಡಲಿಲ್ಲ.

"ಯಾವ ಚಿರತೆ?" ಎಂದ ಕೋರೆಯಪ್ಪ, ಜೊಂಡಿಗೆ ಬೆನ್ನು ಕೊಟ್ಟು ಮರದತ್ತ ಮೂತಿ ಎತ್ತಿ.

"ಜೊಂಡಿನಲ್ಲಿರೋ ಚಿರತೆ ಕಣೋ!"

"ಜೊಂಡು ಅಂದರೆ ಎಲ್ಲಿ? ಆ ತುದಿಯೋ, ಈ ತುದಿಯೋ?"

"ನಿನ್ನ ಬೆನ್ನ ಹಿಂದೆ, ಮಾರಾಯ!"

"ನಾವೆಲ್ಲ ಓಡಿದರೆ ನಿನಗೇನು ಲಾಭ? ಅದನ್ನು ಮೊದಲು ಹೇಳು," ಎಂದಳು ಚುಕ್ಕವ್ವ.

"ಲಾಭವಂತೆ ಲಾಭ! ಅಯ್ಯೋ, ಓಡ್ರೋ!"

"ಬರೀ ನಿನ್ನ ಮಾತು ಸಾಲದು," ಎಂದ ಕೋರೆಯಪ್ಪ, ಯಜಮಾನರಂತೆಯೇ ಗಂಟಲು ಸರಿಮಾಡಿಕೊಂಡು. "ಸಾಕ್ಷಿ ಯಾರಿದ್ದಾರೆ?"

"ನಾನಿದ್ದೀನಲ್ಲ!" ಎನ್ನುತ್ತಾ ಜೊಂಡಿನಿಂದ ಸಾಕ್ಷಿ ಹಾರಿಬಂತು.

ಕೋರೆಯಪ್ಪನಿಗೆ ಮುಂದಿನ ಪ್ರಶ್ನೆ ಕೇಳಲು ಪುರುಸೊತ್ತಾಗಲಿಲ್ಲ. ಅವನು ಜೊಂಡಿನೊಳಗೆ ಹೋದವನು ಮತ್ತೆ ಬರಲಿಲ್ಲ. ಎಲ್ಲರಿಗಿಂತ ಮೊದಲು ಗುಡ್ಡ ಹತ್ತಿದವರು, ಹೇಳಲೇಬೇಕು, ಕಾಟಿ ಕೋಡಪ್ಪನವರು.

ಧೂಳು ಇಳಿಯಿತು. ಚುಕ್ಕವ್ವ ಪಕ್ಕಕ್ಕೆ ತಿರುಗಿದಳು. ಚಿಗುರಿ ಇಲ್ಲ.

"ಚಿಗುರೀ!"

ನೀರಿನ ಹತ್ತಿರ ಇಲ್ಲ. ಬಂಡೆಯ ಹಿಂದೆ ಇಲ್ಲ. ಅವಳು ಅಲ್ಲೇ ಕೂತುಬಿಟ್ಟಳು. ಯಾರನ್ನು ಅನುಮಾನಿಸುವುದು ಎಂದು ಆಗ ಅವಳಿಗೆ ತೋಚಲಿಲ್ಲ, ಮಕ್ಕಳೇ.

"ಚುಕ್ಕವ್ವ, ಕಾರೆ ಮುಳ್ಳಿನ ಪೊದೆ ನೋಡು," ಎಂದು ಮಲ್ಲಣ್ಣ ಮೇಲಿನಿಂದ ಕೂಗಿದ. ಈ ಸಲ ಅವಳು ಯಾಕೆ ಎಂದು ಕೇಳಲಿಲ್ಲ. ಓಡಿದಳು.

ಪೊದೆಯೊಳಗೆ ಚಿಗುರಿ ಮುದುಡಿ ಮಲಗಿತ್ತು. "ಖಕ್ ಅಂದ ಕೂಡಲೇ ಓಡಿದೆ ಅಮ್ಮಾ. ನೀನೇ ಕಲಿಸಿದ್ದಲ್ವಾ?"

"ಆಮೇಲೆ ಬೇರೆ ಹೇಳಿದ್ದೆನಲ್ಲೇ?"

"ಅದು ಬಾಯಿಪಾಠ ಆಗಿರಲಿಲ್ಲ ಅಮ್ಮಾ."

ಮಲ್ಲಣ್ಣ ಮರದಿಂದಿಳಿದು ತಲೆ ತಗ್ಗಿಸಿ ನಿಂತ. "ಅವತ್ತು ನಾನು ಜೊಂಡಿಗೆ ಬೆನ್ನು ಹಾಕಿ ಹಣ್ಣು ತಿನ್ನುತ್ತಿದ್ದೆ ಚುಕ್ಕವ್ವ. ಹೇಳಹೋದರೆ ಯಜಮಾನರು ಬಿಡಲಿಲ್ಲ."

"ಅವತ್ತೇ ಹೇಳಿದ್ದರೆ ನಾಲ್ಕು ಒದ್ದು, ಮತ್ತೆ ಮರ ಹತ್ತಿಸುತ್ತಿದ್ದೆವಲ್ಲೋ!" ಎಂದು ಚುಕ್ಕವ್ವ ಬಾಕಿಯಿದ್ದ ಒದೆತ ಕೊಟ್ಟಳು. ಆಮೇಲೆ ಮೂತಿಯಿಂದಲೇ ಮರದ ಕಡೆ ನೂಕಿದಳು. "ಹತ್ತು. ಹಣ್ಣು ತಿನ್ನುವುದೇನಿದ್ದರೂ ಕಾವಲು ಮುಗಿದ ಮೇಲೆ. ನೀನು ಜೊಂಡು ನೋಡು, ನಿನ್ನನ್ನು ನಾನು ಆಗಾಗ ನೋಡುತ್ತೇನೆ."

ಅಷ್ಟರಲ್ಲಿ ಯಜಮಾನರು ಗುಡ್ಡದ ಮೇಲಿನಿಂದ ಘೋಷಿಸಿದರು: "ಕೋರೆಯಪ್ಪನವರೂ ಕಾಲು ಜಾರಿ ಬಿದ್ದಿದ್ದಾರೆ!" ಅವರ ಮಾತಿಗೆ ಕೆಳಗೆ ಯಾರೂ ಕಿವಿಗೊಡಲಿಲ್ಲ.

ಎಲ್ಲವೂ ಅಪ್ಪಟ ನಿಜ, ಮಕ್ಕಳೇ. ಆದರೆ ಮೀಸೆ ಸ್ವಲ್ಪ ತುರಿಸುತ್ತಿದೆ, ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಚಿರತೆ "ನಾನಿದ್ದೀನಲ್ಲ" ಎಂದದ್ದು ನಾನು ಸೇರಿಸಿದ್ದು. ಚಿರತೆ ಒಂದು ಮಾತೂ ಆಡಲಿಲ್ಲ. ಮಾತಾಡುತ್ತಾ ನಿಂತಿದ್ದವರು ಉಳಿದವರೇ.

ನೀತಿ: ಕೊಲೆಗಾರ ಕೊಲ್ಲುವುದು ಒಬ್ಬನನ್ನು, ಮುಚ್ಚಿಟ್ಟ ತಪ್ಪು ಮತ್ತು ಕಂಡಕಂಡವರ ಮೇಲಿನ ಅನುಮಾನ ಉಳಿದವರನ್ನು ಅವನ ಬಾಯಿಗೆ ಸಾಲಾಗಿ ನಿಲ್ಲಿಸುತ್ತವೆ. ತಪ್ಪಿದ ಕಾವಲುಗಾರನನ್ನು ತಿದ್ದಿರಿ, ಕಾವಲನ್ನೇ ಕಳೆದುಕೊಳ್ಳಬೇಡಿ.