ಬತ್ತೀನಿಗುಡ್ಡ

ಬತ್ತೀನಿಗುಡ್ಡದ ತುದಿಯಲ್ಲಿ ಇಂದು ಇರುವುದು ನಾಲ್ಕೇ ಕೋಣೆಗಳ ಒಂದು ಹೆಂಚಿನ ವಸತಿಗೃಹ. ಬಿಸಿನೀರು ಬೇಕಾದರೆ ಹಂಡೆಯಿಂದ ತೋಡಿಕೊಳ್ಳಬೇಕು. ಊಟಕ್ಕೆ ಮುದ್ದೆ, ಉಪ್ಪೆಸರು ಬಿಟ್ಟು ಬೇರೇನೂ ಕೇಳಬಾರದು. ಆದರೂ ಬೆಳಿಗ್ಗೆ ಜಗುಲಿಗೆ ಬಂದು ನಿಂತರೆ ಮೋಡ ಕಾಲ ಕೆಳಗಿರುತ್ತದೆ. ಅದು ಸರಿದಂತೆಲ್ಲ ಕಣಿವೆಯ ಐದು ಕೆರೆಗಳು ಒಂದೊಂದಾಗಿ ಹೊಳೆಯತೊಡಗುತ್ತವೆ. ನೋಡುತ್ತ ನಿಂತವರ ಕಾಫಿ ಕೈಯಲ್ಲೇ ಆರುತ್ತದೆ. ಹೆಸರು ಮಾತ್ರ ಹೊಸಬರಿಗೆ ವಿಚಿತ್ರ. ಇಲ್ಲಿ ಯಾವುದೋ ಹೊಳೆ ಬತ್ತಿಹೋಗಿರಬೇಕೆಂದು ಊಹಿಸಿದ ಪಂಡಿತರೂ ಇದ್ದಾರೆ. ಇಲ್ಲಿ ಏನೂ ಬತ್ತಿಲ್ಲ. ಈ ಕಡೆಯ ಮಾತಿನಲ್ಲಿ ‘ಬತ್ತೀನಿ’ ಎಂದರೆ ‘ಬರುತ್ತೇನೆ’, ಅಷ್ಟೆ.

ಹಿಂದೆ ಒಮ್ಮೆ, ಚೆನ್ನವೀರನಾಯಕನೆಂಬ ಪಾಳೆಯಗಾರ ಈ ಸೀಮೆಯನ್ನು ಆಳುತ್ತಿದ್ದಾಗ, ಇಲ್ಲಿ ಕೆಂಪಾಜಮ್ಮನೆಂಬ ಒಂಟಿ ಹೆಂಗಸು ಗುಡಿಸಲು ಹಾಕಿಕೊಂಡಿದ್ದಳು. ಗುಡ್ಡ ದಾಟುವ ದಾರಿಹೋಕರಿಗೆ ಅಂಬಲಿ ಕೊಟ್ಟು, ಮಲಗಲು ಚಾಪೆ ಹಾಸುವುದೇ ಅವಳ ಬದುಕು. ಬೇಟೆಗೆ ಬಂದ ನಾಯಕನೂ ಅಲ್ಲೇ ತಂಗಿದ. ಬೆಳಗಾಗೆದ್ದು ಕಿಟಕಿಯಿಂದ ಕೆರೆಗಳನ್ನು ಕಂಡವನಿಗೆ ಆ ಜಾಗ ತನಗೇ ಬೇಕೆನಿಸಿತು. ಬೇಸಿಗೆಮನೆ ಕಟ್ಟಿಸುತ್ತೇನೆ, ನೀನು ಇಂದೇ ಜಾಗ ಬಿಡು ಎಂದು ಅಪ್ಪಣೆ ಮಾಡಿದ. ಉಂಡ ಮನೆಯನ್ನೇ ಕಿತ್ತುಕೊಳ್ಳುವ ಈ ದೊಡ್ಡಮನುಷ್ಯನ ವಿಷಯ ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಕೆಂಪಾಜಮ್ಮನಿಗೆ ಬೇರೆ ನೆಲೆಯಿರಲಿಲ್ಲ. ಅವಳು ಅಳಲಿಲ್ಲ, ಕಾಡಿ ಬೇಡಲಿಲ್ಲ. ಖಾಲಿ ಬಿಂದಿಗೆಯೊಂದನ್ನು ಸೊಂಟಕ್ಕಿಟ್ಟುಕೊಂಡು, ಇಪ್ಪತ್ತು ಜನ ಬಂಟರ ಎದುರಿಗೆ ಹೊಸ್ತಿಲು ದಾಟಿ, ಹೊರಡುವವರೆಲ್ಲ ಹೇಳುವಂತೆಯೇ “ಬತ್ತೀನಿ ಬುದ್ಧಿ” ಎಂದಳು. ಹೊರಡುವವರು ‘ಹೋಗ್ತೀನಿ’ ಎನ್ನುವುದು ನಮ್ಮಲ್ಲಿ ಅಪಶಕುನ. ಅವರಿಗೆ ‘ಹೋಗು’ ಎನ್ನುವುದು ಇನ್ನೂ ದೊಡ್ಡ ಅಪಶಕುನ. ನಾಯಕನೂ ತಾಯಿಯ ಮಾತು ಕೇಳಿ ಬೆಳೆದವನೇ ತಾನೆ? ರೂಢಿಯಂತೆ “ಹೂಂ, ಬಾ” ಎಂದುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಕೆಂಪಾಜಮ್ಮ ತುಂಬಿದ ಬಿಂದಿಗೆಯೊಡನೆ ಹಿಂತಿರುಗಿ, ಒಲೆಯ ಮುಂದೆ ಕುಳಿತು ಬೆಂಕಿ ಊದುತ್ತಿದ್ದಳು. ನಾಯಕ ಕೆಂಡವಾಗಿ, ಯಾರನ್ನು ಕೇಳಿ ಬಂದೆ ಎಂದು ಗದರಿದ.

“ನೀವೇ ಬಾ ಅಂದ್ರಲ್ಲ ಬುದ್ಧಿ, ಬಂದೆ” ಎಂದಳಂತೆ.

ನಾಯಕ ಬಂಟರ ಮುಖ ನೋಡಿದ. ಬಂಟರು ಆಕಾಶ ನೋಡಿದರು. ಇಪ್ಪತ್ತು ಜನ ಕೇಳಿದ ಮಾತನ್ನು ನುಂಗುವುದು ಹೇಗೆ? ಇದು ಬೇಕೆಂದೇ ಹೂಡಿದ ಉಪಾಯವೆಂದು ಕೆಲವರೂ, ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತೆಂದು ಕೆಲವರೂ ಎನ್ನುತ್ತಾರೆ. ಮನೆ ಬಿಡುವಾಗ ಬಿಂದಿಗೆಯೊಂದನ್ನೇ ಹಿಡಿದು ಹೊರಟವಳ ಮನಸ್ಸು ನನಗಂತೂ ಅರ್ಥವಾಗುತ್ತದೆ. ನಾಯಕ ಮೀಸೆಯೊಳಗೇ ನಕ್ಕ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ, ಕೊನೆಗೆ ಅವಳ ಕೈಯ ಊಟ ಮಾಡಿ ಎದ್ದ. ಕುದುರೆ ಹತ್ತುವಾಗ ಅವನೇ “ಬತ್ತೀನಮ್ಮ” ಎಂದ.

“ಬನ್ನಿ ಬುದ್ಧಿ. ಇದ್ದು ಹೋಗಕ್ಕೆ ಬನ್ನಿ, ಇರಕ್ಕಲ್ಲ” ಎಂದಳು ಕೆಂಪಾಜಮ್ಮ. ಅಂದಿನಿಂದ ಗುಡ್ಡಕ್ಕೆ ಈ ಹೆಸರು ನಿಂತಿತು ಎನ್ನುತ್ತಾರೆ.

ಗುಡಿಸಲಿದ್ದ ಜಾಗದಲ್ಲೇ ಈಗಿನ ವಸತಿಗೃಹವಿದೆ. ನಡೆಸುವವರು ಕೆಂಪಾಜಮ್ಮ ಆಮೇಲೆ ಸಾಕಿಕೊಂಡ ಹುಡುಗಿಯ ವಂಶದ ಪುಟ್ಟಗೌರಮ್ಮ. ಮಲಗಿದಲ್ಲಿಂದಲೇ ಕಣಿವೆಯೆಲ್ಲ ಕಾಣುವ ಮೂಲೆಯ ಕೋಣೆಯೊಂದಿದೆ. ಅದನ್ನು ಮಾತ್ರ ಅತಿಥಿಗಳಿಗೆ ಕೊಡುವುದಿಲ್ಲ. ಕಳೆದ ವರ್ಷ ದೊಡ್ಡ ಅಧಿಕಾರಿಯೊಬ್ಬರು ಎಷ್ಟು ಕೇಳಿಕೊಂಡರೂ ಸಿಗಲಿಲ್ಲ. ಪುಟ್ಟಗೌರಮ್ಮ ಅವರಿಗೆ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಟ್ಟು, ಬೇಕಾದಷ್ಟು ಹೊತ್ತು ನೋಡಿ ಎಂದು ಉಪಚಾರ ಮಾಡಿದರು. ಆ ಕೋಣೆಯ ಕಿಟಕಿಯ ಬಳಿ ಇವತ್ತಿಗೂ ಪುಟ್ಟಗೌರಮ್ಮನವರೇ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತಿರುತ್ತಾರೆ.