ಮೋಡದ ಸಂಜೆಯ ಚಾಂದ್

"ಮೂರು ಒಗಟು! ಬಿಡಿಸಿದವನಿಗೆ ಕೇಳಿದ್ದನ್ನು ಕೊಡಲಾಗುವುದು, ತಪ್ಪಿದವನ ತಲೆ ಹೋಗುವುದು! ರಂಜಾನಿಗೆ ಮುಂಚಿನ ಶಾಬಾನ್ ತಿಂಗಳ ಇಪ್ಪತ್ತೊಂಬತ್ತರ ಸಂಜೆ, ಕೋಟೆಯ ಬುರುಜಿನ ಮೇಲೆ, ಸುಲ್ತಾನರ ಎದುರು!" ನೂರಗಡದ ಬೀದಿಯಲ್ಲಿ ಹೀಗೆ ಡಂಗುರ ಸಾರಿದಾಗ ಅರಳೆ ಹಿಂಜುವ ಲಾಡಸಾಬನ ಕಿವಿಗೆ ಬಿದ್ದದ್ದು ಒಂದೇ ಮಾತು: ಕೇಳಿದ್ದನ್ನು ಕೊಡಲಾಗುವುದು.

ಅವನಿಗೆ ಬೇಕಾದದ್ದು ಅಪ್ಪ. ಹೋದ ವರ್ಷ ಇದೇ ಇಪ್ಪತ್ತೊಂಬತ್ತರ ಮೋಡ ಕವಿದ ಸಂಜೆ ಸುಲ್ತಾನ ಬುರುಜಿನ ಮೇಲೆ ನಿಂತು "ರಂಜಾನಿನ ಚಂದ್ರ ಕಂಡಿತು" ಎಂದಿದ್ದ. ಆಸ್ಥಾನದವರು ಹೌದೌದು ಎಂದರು. ಹಾಗೆನ್ನದಿದ್ದರೆ ಅವರಿಗೆ ಅನ್ನ ಹುಟ್ಟೀತೆ? ಗಾದಿ ಹೊತ್ತು ತಂದಿದ್ದ ಲಾಡಸಾಬನ ಅಪ್ಪ, ಮುದುಕ ಬಂದಗಿಸಾಬ ಮಾತ್ರ "ನನಗ ಕಾಣ್ಲಿಲ್ರೀ" ಎಂದುಬಿಟ್ಟ. ಊರು ಮರುದಿನದಿಂದಲೇ ಉಪವಾಸದ ರೋಜಾ ಹಿಡಿಯಿತು. ಮೂವತ್ತು ಮುಗಿದರೂ ಹಬ್ಬದ ಚಂದ್ರ ಕಾಣದೆ ಮೂವತ್ತೊಂದನೆಯದನ್ನೂ ಹಿಡಿಯಿತು. ಚಂದ್ರನ ತಿಂಗಳಿಗೆ ಮೂವತ್ತೊಂದು ದಿನ ಎಲ್ಲಾದರೂ ಉಂಟೆ? ಚಂದ್ರ ಕಂಡದ್ದು ಸುಳ್ಳೆಂದು ಬಯಲಾಗಿ ನಗೆಪಾಟಲಾದ ಸುಲ್ತಾನ, ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಮುದುಕನನ್ನು ಸೆರೆಗೆ ತಳ್ಳಿದ. ಈ ಸಲದ ಮೊದಲ ರೋಜಾದ ಬೆಳಿಗ್ಗೆ ಅವನಿಗೆ ನೇಣು.

ಆ ಸಂಜೆ ಒಗಟು ಬಿಡಿಸಲು ಬಂದ ಇನ್ನಿಬ್ಬರೊಂದಿಗೆ ಲಾಡಸಾಬ ಬುರುಜು ಹತ್ತಿದ. ಪಡುವಣದ ತುಂಬ ಮೋಡ.

"ಊರಿಗೆ ಊರನ್ನೇ ಕಟ್ಟಿಹಾಕಲು ಒಂದು ಬಾಯಿ ಸಾಕು, ಬಿಚ್ಚಲು ಎರಡು ಬಾಯಿ ಬೇಕು. ಏನದು?" ಎಂದ ಸುಲ್ತಾನ.

ರೇಷ್ಮೆ ವ್ಯಾಪಾರಿಯೊಬ್ಬ "ಕೋಟೆಯ ಬೀಗ" ಎಂದ. ಆಸ್ಥಾನದ ಕವಿ "ಮದುವೆ" ಎಂದ. ನಕ್ಕವರು ಸುಲ್ತಾನನ ಮುಖ ನೋಡಿ ಸುಮ್ಮನಾದರು. ಬೆಳಿಗ್ಗೆ ತಲೆ ತೆಗೆಯಲೆಂದು ಇಬ್ಬರನ್ನೂ ಎಳೆದೊಯ್ದರು. ಕವಿಯ ಅಳು ಮೆಟ್ಟಿಲುಗಳ ಕೆಳಗಿನಿಂದಲೂ ಕೇಳುತ್ತಿತ್ತು.

"ಚಾಂದ್ ನೋಡಿದ ಸಾಕ್ಷಿರೀ ಹುಜೂರ್," ಎಂದ ಲಾಡಸಾಬ. "ಮೋಡ ಇದ್ದಾಗ ರೋಜಾ ಹಿಡಿಯಾಕ ನಂಬಿಗಸ್ತ ಒಬ್ಬ ಕಂಡೀನಿ ಅಂದ್ರ ಸಾಕು. ರೋಜಾ ಬಿಟ್ಟು ಹಬ್ಬ ಮಾಡಾಕ ಇಬ್ಬರು ಬೇಕು."

ಸುಲ್ತಾನ ಖಡ್ಗದವನನ್ನು ಕರೆಯಲಿಲ್ಲ. "ಹಾದಿ ಕಾದರೂ ಇವತ್ತು ಬಾರದಿರಬಹುದು. ಊರೆಲ್ಲ ಕುರುಡಾದರೂ ನಾಳೆ ಸಂಜೆ ಬಂದೇ ಬರುವ ಅತಿಥಿ ಯಾರು?"

"ರಂಜಾನ್ ರೀ. ಇವತ್ತ ಚಾಂದ್ ಕಾಣದಿದ್ರ ಶಾಬಾನಿಗೆ ಮೂವತ್ತು ತುಂಬಸ್ತೀವಿ. ಆಮ್ಯಾಲ ನೋಡೋ ಮಾತ ಇಲ್ಲ."

ಹೊತ್ತು ಮುಳುಗಿತು. ಸುಲ್ತಾನ ಅವನ ಹೆಗಲ ಮೇಲೆ ಕೈಯಿಟ್ಟು ಪಡುವಣಕ್ಕೆ ಬೆರಳು ತೋರಿದ. "ಅಗೋ, ನನಗೆ ಚಂದ್ರ ಕಂಡಿತು. ನಿನಗೇನು ಕಂಡಿತು? ಇದೇ ಮೂರನೆಯದು."

"ಹೌದೌದು, ಬೆಳ್ಳಿ ಎಳೆಯ ಹಾಗಿದೆ!" ಎಂದರು ಆಸ್ಥಾನದವರು.

ಕಣ್ಣಲ್ಲಿ ನೀರು ಬರುವ ತನಕ ಲಾಡಸಾಬ ನೋಡಿದ. ಮೋಡ, ಬರೀ ಮೋಡ. ಕಂಡಿತು ಎಂದರೆ ಅಪ್ಪನಿಗೆ ನಾಳೆಯೇ ನೇಣು. ಕಾಣಲಿಲ್ಲ ಎಂದರೆ ಅಪ್ಪನ ಪಕ್ಕದಲ್ಲಿ ತನಗೂ ಒಂದು. ಅತ್ತ ದರಿ, ಇತ್ತ ಪುಲಿ. ಅವನಿಗೆ ಬದುಕಬೇಕೆನ್ನಿಸಿತು, ಬಹಳ ಬದುಕಬೇಕೆನ್ನಿಸಿತು.

"ನಾ ನೋಡಿಲ್ರೀ," ಎಂದ. "ಮೋಡದ ಹಿಂದ ಐತಿ ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು. ನಾ ನೋಡಿಲ್ಲ ಅನ್ನೋದೊಂದ ಖರೆ."

ಖಡ್ಗದವನು ಮುಂದೆ ಬಂದ. ಸುಲ್ತಾನ ಕೈಯೆತ್ತಿ ತಡೆದ.

"ವರ್ಷವಿಡೀ ನಿದ್ದೆ ಮಾಡಿಲ್ಲ ನಾನು. ನನ್ನೆದುರು ನಿಜ ಹೇಳುವವನು ಇಷ್ಟು ಜನರಲ್ಲಿ ಒಬ್ಬನಾದರೂ ಇದ್ದಾನೆಯೇ ಎಂದು ನೋಡಬೇಕಿತ್ತು. ಒಬ್ಬನಿದ್ದ, ಅವನನ್ನು ಸೆರೆಗೆ ಹಾಕಿದ್ದೆ. ಕೇಳು, ಏನು ಬೇಕು?"

"ಅವನೇ ನಮ್ಮಪ್ಪರೀ. ಅವನ್ನ ಕೊಡ್ರಿ."

"ಕ್ಷಮಿಸಿದ್ದೇನೆ. ಕರೆದುಕೊಂಡು ಹೋಗು."

ಲಾಡಸಾಬ ಕದಲಲಿಲ್ಲ. "ಕ್ಷಮಾ ಬ್ಯಾಡ್ರೀ ಹುಜೂರ್. ಅದು ತಪ್ಪು ಮಾಡಿದವರಿಗೆ."

ಸುಲ್ತಾನ ಸೆರೆಯಲ್ಲಿದ್ದ ವ್ಯಾಪಾರಿ, ಕವಿ, ಮುದುಕ ಮೂವರನ್ನೂ ಬಿಡಿಸಿದ. ನೆಟ್ಟಗೆ ನಿಲ್ಲಲಾರದ ಬಂದಗಿಸಾಬನ ರಟ್ಟೆ ಹಿಡಿದು ತಾನೇ ಬುರುಜಿನ ಅಂಚಿಗೆ ನಡೆಸಿದ. ಕೆಳಗೆ ಇಡೀ ಊರು ತಲೆಯೆತ್ತಿ ಕಾಯುತ್ತಿತ್ತು.

"ನನಗೆ ಚಂದ್ರ ಕಂಡಿಲ್ಲ," ಎಂದು ಸುಲ್ತಾನ ಕೂಗಿ ಹೇಳಿದ. "ಹೋದ ವರ್ಷವೂ ಕಂಡಿರಲಿಲ್ಲ."