ಹುಣಸೆಹಣ್ಣಿನ ಪರೀಕ್ಷೆ

ಹಳೆ ನಾಣ್ಯಗಳ ವ್ಯಾಪಾರಿ ಬೇವೂರ ಸಾಹೇಬರು ಊಟಕ್ಕೆ ಬಂದ ದಿನ, ಖಾನಾವಳಿಯ ಸಂಗವ್ವ ತನ್ನ ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ ಉಳಿದಿದ್ದ ಕಪ್ಪು ತಾಮ್ರದ ನಾಣ್ಯವನ್ನು ಅವರ ಮುಂದಿಟ್ಟಳು. "ಇದು ರಾಜರ ಕಾಲದ್ದು" ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು. ಸಂಗವ್ವನೊಬ್ಬಳೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಎಲೆಯಡಿಕೆಯ ಘಮದಲ್ಲಿ ಆ ಮಾತು ಕೇಳಿ ನಂಬಿದವಳು. ಅದು ನಿಜವೋ ಸುಳ್ಳೋ ಈಗ ತಿಳಿಯಬೇಕಿತ್ತು.

ಸಾಹೇಬರು ಭೂತಗನ್ನಡಿ ಹಿಡಿದು ನೋಡಿದರು. ಬಾಯೊಳಗಿನ ರೊಟ್ಟಿ ಅಗಿಯುವುದನ್ನೇ ಮರೆತರು. ಆಮೇಲೆ ಮುಖ ಸಿಂಡರಿಸಿದರು.

"ಖೊಟ್ಟಿ ನಾಣ್ಯ, ಸಂಗವ್ವಾ. ಭಾಳ ಹೊಲಸೂ ಆಗೇತಿ. ತಾಮ್ರದ ಲೆಕ್ಕಕ್ಕ ಇಪ್ಪತ್ತು ರೂಪಾಯಿ ಕೊಡ್ತೀನಿ, ತಗೋ."

ಸಂಗವ್ವ ನಾಣ್ಯವನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು.

"ಹೊಲಸ ಸಾಮಾನು ಗಿರಾಕಿಗೆ ಕೊಡೂದು ನಮ್ಮ ಪದ್ಧತಿ ಅಲ್ರಿ. ತಡೀರಿ, ಹುಣಸಿಹಣ್ಣು, ಬೂದಿ ಹಚ್ಚಿ ಥಳಥಳ ಬೆಳಗಿ ಕೊಡ್ತೀನಿ."

ಹುಣಸೆಹಣ್ಣು ಇನ್ನೇನು ನಾಣ್ಯಕ್ಕೆ ತಾಗಬೇಕು, ಸಾಹೇಬರು ಎಂಜಲುಗೈಯಲ್ಲೇ ಎದ್ದು ಓಡಿಬಂದರು.

"ಬ್ಯಾಡ ನಮ್ಮವ್ವಾ! ತಿಕ್ಕಿದ್ರ ಎಲ್ಲಾ ಹಾಳು! ಆ ಕಪ್ಪಿಗೇ ಬೆಲಿ!"

"ಖೊಟ್ಟಿ ನಾಣ್ಯದ ಕಪ್ಪಿಗೂ ಬೆಲಿ ಐತೇನ್ರಿ?"

ಸಾಹೇಬರು ನೆಲ ನೋಡಿದರು. "ಖರೇದ ಐತಿ," ಎಂದರು ಸಣ್ಣ ದನಿಯಲ್ಲಿ. "ರಾಜರ ಕಾಲದ್ದ. ಐದು ಸಾವಿರ ಕೊಡ್ತೀನಿ."

ಸಂಗವ್ವನ ಕಣ್ಣು ತುಂಬಿ ಬಂತು.

"ರೊಕ್ಕ ನಿಮ್ಮ ಹತ್ರನ ಇರ್ಲಿ ಸಾಹೇಬ್ರ. 'ಖರೇದ ಐತಿ' ಅಂದ್ರಲ್ಲ, ಅದನ್ನ ಇನ್ನೊಮ್ಮೆ ಜೋರಾಗಿ ಅನ್ರಿ. ಒಳಗ ನಮ್ಮ ದೊಡ್ಡಪ್ಪ ಉಣ್ಣಾಕ ಕುಂತಾನ. ಅಜ್ಜಿ ಮಾತಿಗೆ ಎಲ್ಲಾರ್ಕಿಂತ ಹೆಚ್ಚು ನಕ್ಕಾಂವ ಅವನ!"